ತಿಳಿನೀರು

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚಿದ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ನನ್ನ ಬಾಲ್ಯದ ರಜೆಯ ದಿನಗಳೆಲ್ಲ ಆ ಸೀಮೆಯಲ್ಲಿಯೇ ಕಳೆದವು. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಹೊರಳಿ ಬಂದು, ಹಿಡಿ ಮಂಡಕ್ಕಿಯನ್ನು ಕ್ಷಣಮಾತ್ರದಲ್ಲಿ ಬರಿದುಮಾಡಿ, ಮತ್ತೆ ಆಳಕ್ಕೆ ಇಳಿಯುತ್ತಿದ್ದ ನೋಟವನ್ನು ಎಷ್ಟು ಹೊತ್ತು ಕಂಡರೂ ನನಗೆ ತೃಪ್ತಿಯಿರಲಿಲ್ಲ. ಅಲ್ಲಿ ನನಗೆ ಹಿಡಿಸದಿದ್ದುದು ಒಂದೇ: ನೀರಿನಂಚಿನ ಕಲ್ಲುಗಳಿಗೆ ಅಂಟಿದ ಲೋಳೆ. ಒಮ್ಮೆ ಅದರ ಮೇಲೆ ಕಾಲಿಟ್ಟು ಜಾರಿಬಿದ್ದು ಮೊಣಕೈ ತರಚಿಕೊಂಡಾಗ, "ಇಷ್ಟು ತಿಳಿಯಾದ ನೀರಿನಲ್ಲಿ ಈ ಕೊಳೆ ಏಕಜ್ಜ? ಯಾರಾದರೂ ಉಜ್ಜಿ ತೊಳೆಯಬಾರದೆ?" ಎಂದು ಕೇಳಿದ್ದೆ. ಅಜ್ಜ ನಕ್ಕು ಸುಮ್ಮನಾದರು. ಆ ಪ್ರಶ್ನೆಗೆ ಉತ್ತರ ದೊರೆಯಲು ನನಗೆ ನಲವತ್ತು ವರ್ಷಗಳು ಬೇಕಾದವು. ಅದಕ್ಕೆ ಬೆಲೆ ತೆತ್ತದ್ದು ಮಾತ್ರ ನಾನಲ್ಲ, ನಾಲ್ಕು ಬಡ ಮೀನುಗಳು.

ನಮ್ಮ ಮಗಳಿಗೆ ಹನ್ನೊಂದು ತುಂಬಿದ ದಿನ ಅವಳ ಬಹುದಿನದ ಆಸೆಯನ್ನು ನಡೆಸಿಕೊಟ್ಟೆ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರಗಳ ಗಾಜಿನ ತೊಟ್ಟಿ. ಸುಮಾರು 50 ಲೀಟರು ನೀರು ಹಿಡಿಯುತ್ತಿತ್ತು. ತಳಕ್ಕೆ ತೊಳೆದ ಸಣ್ಣ ಕಲ್ಲು, ಮೂಲೆಯಲ್ಲಿ ಗಾಳಿಯ ಗುಳ್ಳೆಗಳನ್ನು ಎಬ್ಬಿಸುತ್ತ ನೀರನ್ನು ಸೋಸುವ ಸ್ಪಂಜು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದೆಂದು ಯಾರೋ ಹೇಳಿದ್ದರಿಂದ ಒಂದು ದಿನ ನೀರನ್ನು ಹಾಗೆಯೇ ಬಿಟ್ಟು, ಮರುದಿನ ಆರು ಚಿನ್ನದ ಮೀನುಗಳನ್ನು ತಂದು ಬಿಟ್ಟೆವು. ಮಗಳು ಅವುಗಳಿಗೆ ನಮ್ಮ ನಾಡಿನ ನದಿಗಳ ಹೆಸರನ್ನಿಟ್ಟಳು: ಕಾವೇರಿ, ಕಪಿಲೆ, ತುಂಗೆ, ಭದ್ರೆ, ಶರಾವತಿ, ನೇತ್ರಾವತಿ. ಆ ಸಂಜೆ ಮನೆಯಲ್ಲಿ ಹಬ್ಬದ ಸಡಗರ. ಕಂಡಕಂಡವರೆಲ್ಲ ಮೀನುಗಳಿಗೆ ಒಂದೊಂದು ಚಿಟಿಕೆ ಆಹಾರ ಹಾಕಿದರು.

ಇಲ್ಲಿ ನನ್ನ ಸ್ವಭಾವದ ವಿಚಾರ ಒಂದು ಮಾತು ಹೇಳಬೇಕು. ಚೊಕ್ಕಟವೆಂದರೆ ನನಗೆ ಒಂದು ಬಗೆಯ ಹುಚ್ಚು. ಮೇಜಿನ ಮೇಲೆ ಧೂಳು ಕಂಡರೆ ಊಟ ಸೇರದು. ನಾಲ್ಕನೆಯ ದಿನ ಬೆಳಗ್ಗೆ ನೋಡಿದರೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು! ನನಗೆ ತಡೆಯಲಾಗಲಿಲ್ಲ. ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿ, ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಅವಸರದಲ್ಲಿ ಈ ಬಾರಿ ನಲ್ಲಿಯ ನೀರನ್ನೇ ನೇರವಾಗಿ ತುಂಬಿದೆ. ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ಮೀನುಗಳು ಸೊರಗಿದಂತೆ ತೋರಿದುದರಿಂದ ಶಕ್ತಿ ಬರಲೆಂದು ಎರಡು ಚಿಟಿಕೆ ಆಹಾರವನ್ನೂ ಹೆಚ್ಚಿಗೆ ಹಾಕಿದೆ.

ಮರುದಿನ ಆರೂ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಸಂಜೆಯ ವೇಳೆಗೆ ಕಪಿಲೆ ಸತ್ತಿತು. ಮಾರನೆಯ ದಿನ ಭದ್ರೆ, ಅದರ ಹಿಂದೆಯೇ ನೇತ್ರಾವತಿ. ಮಗಳು ಅಳಲಿಲ್ಲ. ತೊಟ್ಟಿಯ ಮುಂದೆ ಕುಳಿತು, ಗಾಜಿನೊಳಗೆ ಬಹಳ ಹೊತ್ತು ನೋಡಿ, "ಅಪ್ಪ, ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೇಕೆ ಸಾಯುತ್ತಿವೆ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ನಮ್ಮ ನೆರೆಯಲ್ಲಿ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಮೇಷ್ಟ್ರು. ಮಗಳು ಅವರನ್ನು ಕೈಹಿಡಿದು ಕರೆತಂದಳು. ಅವರು ನನ್ನ ಕಥೆಯನ್ನೆಲ್ಲ ಕೇಳಿ, ಪೇಟೆಯಲ್ಲಿ ದೊರೆಯುವ ನೀರಿನ ಪರೀಕ್ಷೆಯ ದ್ರಾವಣಗಳನ್ನು ತರಿಸಿದರು. ಸಣ್ಣ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರನ್ನು ತೆಗೆದುಕೊಂಡು ಕೆಲವು ಹನಿಗಳನ್ನು ಬೆರೆಸಿದರು. ಹಳದಿಯಾಗಿಯೇ ಉಳಿಯಬೇಕಾಗಿದ್ದ ನೀರು ನೋಡನೋಡುತ್ತಿದ್ದಂತೆ ಹಸಿರಾಯಿತು. "ಅಮೋನಿಯ. ಲೀಟರಿಗೆ 2 ಮಿಲಿಗ್ರಾಂ ಇದೆ. ಇರಬೇಕಾದದ್ದು ಸೊನ್ನೆ. ನಿಮ್ಮ ನೀರು ತಿಳಿಯಾಗಿದೆ ಸ್ವಾಮಿ, ಶುದ್ಧವಾಗಿಲ್ಲ" ಎಂದರು.

ಅನಂತರ ಅವರು ವಿವರಿಸಿದ ಸಂಗತಿಯನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಭಾಗ ಅಮೋನಿಯವಾಗಿ ಅದರ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯ. ಅದಕ್ಕೆ ಬಣ್ಣವಿಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ನಮ್ಮ ಮೂಗಿಗೆ ವಾಸನೆಯೂ ತಿಳಿಯದು. ಆದರೂ ಅದು ಮೀನಿನ ಕಿವಿರನ್ನು ಸುಡುವ ವಿಷ. ನೀರು ಬೆಚ್ಚಗಿದ್ದಷ್ಟೂ, ಕ್ಷಾರಗುಣ ಹೆಚ್ಚಿದ್ದಷ್ಟೂ ಅದರ ಉಪದ್ರವ ಹೆಚ್ಚು. ಹರಿಯುವ ಹೊಳೆಯಲ್ಲಿ ಅದು ನಿಲ್ಲುವುದಿಲ್ಲ. ಆರು ಮೀನುಗಳನ್ನು 50 ಲೀಟರಿನಲ್ಲಿ ಕೂಡಿಹಾಕಿದರೆ ಅವು ಉಸಿರಾಡುವ ನೀರೇ ಅವುಗಳ ಬಚ್ಚಲಾಗುತ್ತದೆ.

"ಹಾಗಾದರೆ ಬೇರೆಯವರ ಮನೆಗಳಲ್ಲಿ ಮೀನುಗಳು ವರ್ಷಗಟ್ಟಲೆ ಬದುಕಿವೆಯಲ್ಲ?" ಎಂದು ಕೇಳಿದೆ.

"ಅಲ್ಲಿ ಕೆಲಸಗಾರರಿದ್ದಾರೆ. ನಿಮ್ಮ ತೊಟ್ಟಿಗೆ ಅವರಿನ್ನೂ ಬಂದಿಲ್ಲ. ಬರಲಾರಂಭಿಸಿದ್ದವರನ್ನೂ ನೀವು ತೊಳೆದು ಕಳಿಸಿದಿರಿ" ಎಂದರು ಮೇಷ್ಟ್ರು.

ಆ ಕೆಲಸಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಅವುಗಳಲ್ಲಿ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದನ್ನು ಮತ್ತೊಂದು ಗುಂಪು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟನ್ನು ಸಾಕಷ್ಟು ಪ್ರಮಾಣದವರೆಗೆ ಮೀನು ಸಹಿಸಬಲ್ಲದು. ಜಲಸಸ್ಯಗಳಿಗಂತೂ ಅದು ಗೊಬ್ಬರ. ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿ, ಈ ಕಾರ್ಯ ಎರಡು ಹಂತಗಳಲ್ಲಿ ನಡೆಯುವುದನ್ನು ತೋರಿಸಿಕೊಟ್ಟವನು ಸೆರ್ಗೈ ವಿನೋಗ್ರಾಡ್‌ಸ್ಕಿ ಎಂಬ ವಿಜ್ಞಾನಿ. 1890ರ ಸುಮಾರಿನಲ್ಲಿ ಜೂರಿಕ್ ನಗರದಲ್ಲಿ ಅವನು ಈ ಸಂಶೋಧನೆ ನಡೆಸಿದ. ನಮ್ಮ ರೈತರು ಹೊಲಕ್ಕೆ ಹಾಕುವ ಗೊಬ್ಬರವನ್ನು ಪೈರು ಹೀರಿಕೊಳ್ಳಬಲ್ಲ ನೈಟ್ರೇಟಾಗಿ ಮಾಡುವವರೂ ಮಣ್ಣಿನಲ್ಲಿರುವ ಇದೇ ಕುಲದವರು. ತೊಟ್ಟಿಯಲ್ಲಿ ಅವು ಹೆಚ್ಚಾಗಿ ನೆಲೆಸುವುದು ನೀರಿನಲ್ಲಲ್ಲ. ಸ್ಪಂಜಿನ ರಂಧ್ರಗಳಲ್ಲಿ, ಕಲ್ಲುಗಳ ಮೈಮೇಲೆ, ತೆಳುವಾದ ಲೋಳೆಯಾಗಿ. ಕೊಳೆಯೆಂದು ನಾನು ಉಜ್ಜಿ ತೆಗೆದದ್ದು ಆ ಲೋಳೆಯ ಮೊದಲ ಪದರವನ್ನು. ಅಳಿದುಳಿದವುಗಳಿಗೆ ನಲ್ಲಿಯ ಕ್ಲೋರಿನ್ ಮುಳುವಾಯಿತು. ನೀರನ್ನು ಬೆಳ್ಳಗೆ ಮಾಡಿದ್ದವು, ಹೆಚ್ಚಾದ ಆಹಾರದಿಂದ ಹುಟ್ಟಿಕೊಂಡ ಬೇರೆ ಸೂಕ್ಷ್ಮಜೀವಿಗಳು. ಆಹಾರ ಕಡಿಮೆ ಮಾಡಿದ್ದರೆ ಅವು ಕೆಲವೇ ದಿನಗಳಲ್ಲಿ ತಾವಾಗಿಯೇ ಅಡಗುತ್ತಿದ್ದವು.

"ಹೆಪ್ಪು ಹಾಕದೆ ಹಾಲು ಮೊಸರಾಗುವುದೆ? ಯಾರದಾದರೂ ಹಳೆಯ ತೊಟ್ಟಿಯ ಒಂದು ಹಿಡಿ ಕಲ್ಲು ಸಿಕ್ಕಿದ್ದರೆ ಹೆಪ್ಪಾಗುತ್ತಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ತಾವಾಗಿಯೇ ಬಂದು ನೆಲೆಸುವವರೆಗೆ ಕಾಯಬೇಕು. ಮೊಸರಿನ ಬ್ಯಾಕ್ಟೀರಿಯದಂತೆ ಒಂದೇ ರಾತ್ರಿಯಲ್ಲಿ ಹೆಚ್ಚುವ ಜಾತಿಯಲ್ಲ ಇವು. ನಾಲ್ಕರಿಂದ ಆರು ವಾರಗಳಾದರೂ ಹಿಡಿಯುತ್ತದೆ" ಎಂದರು ಮೇಷ್ಟ್ರು. ನಿಜವಾಗಿ ನೋಡಿದರೆ ಆ ವಾರಗಳನ್ನು ಮೀನುಗಳಿಲ್ಲದೆಯೇ ಕಳೆಯಬೇಕಿತ್ತು. ಬರಿಯ ತೊಟ್ಟಿಗೆ ದಿನವೂ ಒಂದು ಚೂರು ಆಹಾರ ಹಾಕಿ ಕೊಳೆಯಬಿಟ್ಟು, ಬ್ಯಾಕ್ಟೀರಿಯಗಳು ನೆಲೆಗೊಂಡ ಬಳಿಕ ಒಂದೆರಡೇ ಮೀನು ತರುವುದು ಸರಿಯಾದ ಕ್ರಮ. ನಾವು ಸಂಸಾರವನ್ನು ಮೊದಲು ಹೂಡಿ, ಮನೆ ಕಟ್ಟಲು ಆಮೇಲೆ ಹೊರಟಿದ್ದೆವು.

"ಹಾಗಾದರೆ ಉಳಿದ ಮೂರನ್ನೂ ಕೆರೆಗೆ ಬಿಟ್ಟುಬಿಡೋಣ, ಅಲ್ಲಾದರೂ ಬದುಕಲಿ" ಎಂದಳು ಮಗಳು. ಮೇಷ್ಟ್ರು ತಲೆಯಾಡಿಸಿದರು. "ಬೇಡ ಮಗು. ಇವು ನಮ್ಮ ಕೆರೆಯ ಮೀನುಗಳಲ್ಲ. ಅಲ್ಲಿ ಇವು ಬದುಕಿದರೆ ಕೆರೆಯ ಮೀನುಗಳಿಗೆ ತೊಂದರೆ. ಬದುಕದಿದ್ದರೆ ಇವುಗಳಿಗೆ ತೊಂದರೆ. ತಂದವರು ನೀವು. ಕಾಪಾಡಬೇಕಾದವರೂ ನೀವೇ."

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವ್ರತ ಆರಂಭವಾಯಿತು. ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲಾಡಿಸಿದ ನೀರು. ದಿನವೂ ತೊಟ್ಟಿಯ ಕಾಲುಭಾಗ ಹಳೆಯ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ಮೆಲ್ಲನೆ ಸೇರಿಸುವುದು. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಸ್ಪಂಜಿನ ರಂಧ್ರಗಳು ಕಟ್ಟಿಕೊಂಡರೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಒಂದು ಸಲ ಹಗುರವಾಗಿ ಅದ್ದಿ ಹಿಂಡುವುದು. ನಲ್ಲಿಯ ಕೆಳಗೆ ಎಂದೆಂದಿಗೂ ಕೂಡದು. ಮಗಳು ಒಂದು ನೋಟುಪುಸ್ತಕದಲ್ಲಿ ಅಂಕಣಗಳನ್ನು ಗೆರೆ ಎಳೆದು, ಅಮೋನಿಯ, ನೈಟ್ರೈಟ್, ನೈಟ್ರೇಟ್ ಎಂದು ಶೀರ್ಷಿಕೆ ಬರೆದು, ದಿನವೂ ಅಳತೆಗಳನ್ನು ನಮೂದಿಸತೊಡಗಿದಳು.

ಹತ್ತು ದಿನಗಳ ಬಳಿಕ ಹಸಿರು ಬಣ್ಣ ತೆಳುವಾಗತೊಡಗಿತು. ನಾವು ಹಿಗ್ಗಿದೆವು. ಆದರೆ ನೈಟ್ರೈಟಿನ ನಳಿಕೆಯಲ್ಲಿ ತಿಳಿನೀಲಿ ನೇರಳೆಗೆ ತಿರುಗಿತು. ನೈಟ್ರೈಟ್ ರಕ್ತದ ಹೀಮೋಗ್ಲೋಬಿನ್ ಮೇಲೆ ವರ್ತಿಸಿ, ಅದು ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಆಗ ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗಿ, ನೀರಿನಲ್ಲಿ ಆಮ್ಲಜನಕವಿದ್ದರೂ ಅದು ಉಸಿರುಕಟ್ಟಿ ಸಾಯುತ್ತದೆ. ಹತ್ತೊಂಬತ್ತನೆಯ ದಿನ ಕಾವೇರಿ ಹೀಗೆಯೇ ಹೋಯಿತು. ಮೇಷ್ಟ್ರು ಅಂದೇ ಅಳತೆಯರಿತು ಸ್ವಲ್ಪ ಅಡುಗೆ ಉಪ್ಪನ್ನು ಕರಗಿಸಿ ಹಾಕಿಸಿದರು. ಉಪ್ಪಿನ ಕ್ಲೋರೈಡ್ ಅಂಶವು ನೈಟ್ರೈಟ್ ಕಿವಿರುಗಳ ಮೂಲಕ ಒಳಸೇರದಂತೆ ತಡೆಯುತ್ತದಂತೆ. ತುಂಗೆ, ಶರಾವತಿಗಳು ಉಳಿದವು.

ಈ ನಡುವೆ ಸ್ಪಂಜು ದಿನದಿನಕ್ಕೆ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಒಂದು ರಾತ್ರಿ ನಾನು ತೊಟ್ಟಿಯ ಬಳಿ ಸುಳಿದಾಡುವುದನ್ನು ಕಂಡ ಮಗಳು ಹಾಸಿಗೆಯಿಂದಲೇ, "ಅಪ್ಪ, ಮುಟ್ಟಬೇಡ" ಎಂದಳು. ಕೈಕಟ್ಟಿ ಸುಮ್ಮನಿರುವುದು ಕೆಲಸ ಮಾಡುವುದಕ್ಕಿಂತ ಕಷ್ಟವೆಂದು ನಾನು ಅರಿತದ್ದು ಆ ದಿನಗಳಲ್ಲಿ.

ಮೂವತ್ತೊಂಬತ್ತನೆಯ ದಿನ ಮೊದಲ ನಳಿಕೆ ಹಳದಿಯಾಗಿಯೇ ಉಳಿಯಿತು. ಎರಡನೆಯದು ತಿಳಿನೀಲಿಯಾಗಿಯೇ ಉಳಿಯಿತು. ನೈಟ್ರೇಟಿನ ನಳಿಕೆ ಮಾತ್ರ ಕಿತ್ತಳೆಯಾಗಿ ಹೊಳೆಯಿತು. ಮಗಳು ನೋಟುಪುಸ್ತಕದಲ್ಲಿ ಎರಡು ಸೊನ್ನೆಗಳನ್ನು ಬರೆದು ಅವುಗಳ ಸುತ್ತ ವೃತ್ತ ಎಳೆದಳು. ಪರೀಕ್ಷೆಯಲ್ಲಿ ಸೊನ್ನೆ ಪಡೆದು ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಮಿಕ್ಕ ನೈಟ್ರೇಟನ್ನು ಕಡಿಮೆ ಮಾಡಲು ಒಂದಿಷ್ಟು ಹೈಡ್ರಿಲ್ಲ ನೆಟ್ಟೆವು. ಈಗ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಮೀನುಗಳ ಸಂಖ್ಯೆಯನ್ನು ನಾವು ಹೆಚ್ಚಿಸಲಿಲ್ಲ. ಅವೆರಡೂ ಬೆಳೆದಂತೆ ಇನ್ನೂ ದೊಡ್ಡ ತೊಟ್ಟಿ ಬೇಕಾಗುವುದೆಂದು ಮೇಷ್ಟ್ರು ಈಗಾಗಲೇ ಎಚ್ಚರಿಸಿದ್ದಾರೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಶೃಂಗೇರಿಗೆ ಕರೆದೊಯ್ದಿದ್ದೆ. ಅದೇ ಮೆಟ್ಟಿಲು, ಅದೇ ಮೀನುಗಳ ಹೊರಳಾಟ. ಅವಳು ಮಂಡಕ್ಕಿಯನ್ನು ಒಂದೊಂದೇ ಚಿಟಿಕೆಯಷ್ಟು ಹಾಕುವುದನ್ನು ಕಂಡು ಪಕ್ಕದವರು ನಕ್ಕರು. ಅನಂತರ ಅವಳು ಬಗ್ಗಿ, ನೀರಿನಂಚಿನ ಕಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಪ್ಪ, ನಮ್ಮ ಸ್ಪಂಜಿನ ಹಾಗೆಯೇ ಇದೆ!" ಎಂದಳು. ನಾನೂ ಬಗ್ಗಿ ಮುಟ್ಟಿದೆ. ನಲವತ್ತು ವರ್ಷಗಳ ಹಿಂದೆ ನನ್ನನ್ನು ಜಾರಿಸಿ ಬೀಳಿಸಿದ ಆ ಲೋಳೆ ತಣ್ಣಗಿತ್ತು, ಮೃದುವಾಗಿತ್ತು. ಅದರಾಚೆಗೆ, ತಿಳಿನೀರಿನಲ್ಲಿ ಮೀನುಗಳು ನೆಮ್ಮದಿಯಾಗಿ ತಿರುಗಾಡುತ್ತಿದ್ದವು.