ಬೀಗ ಬಿದ್ದ ಅಡುಗೆಮನೆ ಶಾಲೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಸೀಮೆಯಲ್ಲಿ ಮಾರ್ಟಿನ್ ಕ್ರೀಹನ್ ಎಂಬ ರೈತರಿದ್ದರು. ಊರವರಿಗೆ ಅವರು ‘ಜೂನಿಯರ್’. 1908ರಲ್ಲಿ ಹುಟ್ಟಿ, 1998ರಲ್ಲಿ ತೊಂಬತ್ತು ತುಂಬಿದ ಮುದುಕರಾಗಿ ತೀರಿಕೊಳ್ಳುವವರೆಗೂ ಅವರು ಜೂನಿಯರ್ ಆಗಿಯೇ ಉಳಿದರು. ಹಗಲು ಬೇಸಾಯ, ಇರುಳು ಪಿಟೀಲು. ಇಷ್ಟೇ ಅವರ ಬದುಕು ಎಂದರೆ ತಪ್ಪಲ್ಲ. ಆದರೆ ಈ ‘ಇಷ್ಟೇ’ಯಲ್ಲಿ ಒಂದು ನಾಡಿನ ನೋವು ಅಡಗಿದೆ.

ಅವರ ಕಿವಿಗೆ ಮೊದಲು ಬಿದ್ದ ಸಂಗೀತ ತಾಯಿ ನುಡಿಸುತ್ತಿದ್ದ ಕನ್ಸರ್ಟಿನಾದ್ದು. ಮುಂದೆ ಸ್ಕಲ್ಲಿ ಕೇಸಿ ಎಂಬ ನೆರೆಯ ವಾದಕರಿಂದ ಪಿಟೀಲು ಕಲಿತರು. ಆ ಕಲಿಕೆಯೆಲ್ಲ ಕಿವಿಯಿಂದ ಕೈಗೆ ಇಳಿದದ್ದು. ತರಗತಿ ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಚಳಿಗಾಲದ ರಾತ್ರಿ ಯಾರದೋ ಮನೆಯಲ್ಲಿ ಒಲೆಯ ಸುತ್ತ ಊರು ಸೇರುತ್ತಿತ್ತು. ಹಾಸುಗಲ್ಲಿನ ನೆಲದ ಮೇಲೆ ನಾಲ್ಕು ಜೋಡಿಗಳು ಕುಣಿಯುತ್ತಿದ್ದವು. ಅಮೆರಿಕಕ್ಕೆ ಹೊರಟ ಮಗನನ್ನೋ ಮಗಳನ್ನೋ ಬೀಳ್ಕೊಡುವಾಗಲೂ ಬೆಳಗಾಗುವವರೆಗೆ ಇದೇ ಕುಣಿತ. ಮೂಲೆಯಲ್ಲಿ ಕುಳಿತ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಹಾಡಿನ ಮಟ್ಟು ಕಲಿಯುತ್ತಿದ್ದರು.

ಇದಕ್ಕೆ ಕಲ್ಲು ಬಿದ್ದದ್ದು ಹೊರಗಿನವರಿಂದಲ್ಲ. ನೃತ್ಯದಿಂದ ಯುವಜನರು ಕೆಡುತ್ತಾರೆಂದು 1925ರಲ್ಲಿ ಐರ್ಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಎಚ್ಚರಿಕೆ ಹೊರಡಿಸಿದರು. 1935ರಲ್ಲಿ ಸರ್ಕಾರ ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಬೇಕೆಂಬ ಕಾಯ್ದೆ ತಂದಿತು. ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯೊಳಗಿನ ಕುಣಿತಕ್ಕೂ ಹಚ್ಚಿದರು. ಚರ್ಚುಗಳು ಸಭಾಂಗಣ ಕಟ್ಟಿಸಿದವು. ಅಲ್ಲಿ ಟಿಕೆಟ್ಟು, ಹೊಸ ಬ್ಯಾಂಡು, ಪರದೇಶದ ಕುಣಿತ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಲ್ಲ ದೇಶದಲ್ಲೂ ಇರುವ ಮಾತೇ.

ಕ್ರೀಹನ್ ಕ್ಯಾಥೊಲಿಕರು. ಹಾಗಾಗಿ ಆ ತೀರ್ಪು ಬಂದದ್ದು ತಮ್ಮದೇ ಗುಡಿಯ ವೇದಿಕೆಯಿಂದ. ಪರಂಪರೆಯ ಶಾಲೆಗಳನ್ನೇ ಮುಚ್ಚಿ ಕಾಯ್ದೆ ನಮ್ಮನ್ನು ಬಡವರನ್ನಾಗಿಸಿತು ಎಂಬುದು ಅವರ ಕೊನೆಯವರೆಗಿನ ಕೊರಗು. ಕಲಿಯಬೇಕಾದ ಹುಡುಗರಲ್ಲಿ ಎಷ್ಟೋ ಮಂದಿ ಹೊಟ್ಟೆಪಾಡಿಗೆ ಹಡಗು ಹತ್ತಿದರು. ಕೇಳುವವರಿಲ್ಲದ ಸಂಗೀತಗಾರನ ಪಾಡು, ಮಳೆಯಿಲ್ಲದ ಊರಿನ ರೈತನ ಪಾಡು ಒಂದೇ.

ಆದರೂ ಅವರು ಪಿಟೀಲನ್ನು ಮಾರಲಿಲ್ಲ. ಮುಚ್ಚಿಹೋದ ಮನೆನೃತ್ಯಕ್ಕಾಗಿ ಒಂದು ಶೋಕಗೀತದ ಮಟ್ಟನ್ನೇ ಕಟ್ಟಿದರು. ‘ಮಂಜು ಮುಸುಕಿದ ಬೆಟ್ಟ’ ಎಂಬರ್ಥದ ಹೆಸರುಳ್ಳ ಅವರ ಇನ್ನೊಂದು ರಚನೆಯನ್ನು ಇಂದು ಐರಿಷ್ ಸಂಗೀತ ಕಲಿಯುವವರು ಎಲ್ಲೆಲ್ಲೂ ನುಡಿಸುತ್ತಾರೆ. ಹಳೆಯ ಕಥೆಗಳನ್ನೂ ಮಟ್ಟುಗಳನ್ನೂ ಕೇಳಿ ಬಂದವರಿಗೆಲ್ಲ ಕೊಟ್ಟರು.

1973ರ ಜನವರಿಯಲ್ಲಿ ಅವರ ಗೆಳೆಯ, ಬಡಗಿ ಹಾಗೂ ಪೈಪ್ ವಾದಕ ವಿಲ್ಲಿ ಕ್ಲಾನ್ಸಿ ತೀರಿಕೊಂಡರು. ಅದೇ ವರ್ಷ ಗೆಳೆಯರೆಲ್ಲ ಸೇರಿ ಮಿಲ್ಟೌನ್ ಮಾಲ್ಬೇ ಪಟ್ಟಣದಲ್ಲಿ ಆತನ ಹೆಸರಿನ ಬೇಸಿಗೆ ಸಂಗೀತ ಶಾಲೆ ಆರಂಭಿಸಿದರು. ಅವರಲ್ಲಿ ಕ್ರೀಹನ್ ಒಬ್ಬರು. ಜುಲೈ ತಿಂಗಳಲ್ಲಿ ನಡೆಯುವ ಆ ಶಾಲೆಗೆ ಹಡಗು ಹತ್ತಿ ಹೋದವರ ಮೊಮ್ಮಕ್ಕಳೂ, ಐರ್ಲೆಂಡಿನ ನಂಟೇ ಇಲ್ಲದವರೂ ಪಿಟೀಲು ಹೊತ್ತು ಬಂದರು. ಮುಚ್ಚಿದ ಶಾಲೆ ಹೀಗೆ ಮತ್ತೆ ತೆರೆದದ್ದನ್ನು ಆ ರೈತ ಕಣ್ಣಾರೆ ಕಂಡರು.

ಮಗುವಿಗೆ ಸಂಗೀತ ಕಲಿಸಲು ಒಳ್ಳೆಯ ಗುರುವನ್ನು ಹುಡುಕುವ ತಂದೆತಾಯಿ ಈ ಮುದುಕರನ್ನು ನೆನೆಯಬೇಕು. ಕ್ರೀಹನ್ನರಿಗೆ ಗುರು ಸಿಕ್ಕಿದ್ದು ಆಮೇಲೆ. ಅದಕ್ಕೂ ಮೊದಲು ಮನೆಯಲ್ಲಿ ತಾಯಿ ತಾನೇ ನುಡಿಸುತ್ತಿದ್ದಳು.