ಹೆರಾಲ್ಡ್ ಕಾರಿನ ಮುಂದಿನ ಶಾಕು

ಗಾಡಿಯ ಸಾಮಾನುಗಳಲ್ಲಿ ಶಾಕ್ ಅಬ್ಸಾರ್ಬರಿನಷ್ಟು ಪಾಪದ್ದು ಇನ್ನೊಂದಿಲ್ಲ. ಇಂಜಿನ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ, ಬ್ಯಾಟರಿ ಸತ್ತರೆ ಹೊರಡುವುದೇ ಇಲ್ಲ. ಆದರೆ ಶಾಕು ಹೋದರೆ ಗಾಡಿ ಓಡುತ್ತಲೇ ಇರುತ್ತದೆ. ಸ್ವಲ್ಪ ಕುಣಿಯುತ್ತದೆ ಅಷ್ಟೆ. "ರಸ್ತೆ ಸರಿ ಇಲ್ಲ" ಅಂದುಕೊಂಡು ನಾವೂ ಓಡಿಸುತ್ತಲೇ ಇರುತ್ತೇವೆ. ಅಪಾಯ ಇರುವುದು ಅಲ್ಲೇ. ಚಕ್ರ ನೆಲ ಬಿಟ್ಟು ಎದ್ದ ಕ್ಷಣದಲ್ಲಿ ಬ್ರೇಕ್ ಒತ್ತಿದರೂ ಒಂದೇ, ಒತ್ತದಿದ್ದರೂ ಒಂದೇ. ಚಕ್ರ ನೆಲವನ್ನು ಬಿಡದ ಹಾಗೆ ನೋಡಿಕೊಳ್ಳುವುದೇ ಶಾಕಿನ ಕೆಲಸ.

ಶಾಲೆಯ ವಿಷಯ ಬಿಟ್ಟು ಮೇಷ್ಟ್ರು ಇದೇನು ಕಾರಿನ ಕತೆ ಶುರುಮಾಡಿದರು ಅಂತ ಕೇಳಬೇಡಿ. ಕೊನೆಗೆ ಇದು ಶಾಲೆಯ ವಿಷಯವೇ.

ಹೊಸೂರಿನ ಹೊರವಲಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ಯಾರೇಜು ಇಟ್ಟಿದ್ದಾನೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಐಟಿಐ. ಗಿರಾಕಿಗಳ ಜೊತೆ ತಮಿಳು, ತೆಲುಗು, ಕನ್ನಡ ಮೂರೂ ಸಲೀಸಾಗಿ ಆಡುತ್ತಾನೆ. ಕಳೆದ ವರ್ಷ ಅವನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಬಂತು. 1960ರ ದಶಕದ್ದು, ಎರಡು ಬಾಗಿಲಿನದು. ಯಜಮಾನರು ನಿವೃತ್ತರು, ಕಾರು ಅವರ ತಂದೆಯದು. ಮಗಳ ಮದುವೆಗೆ ಹೆಣ್ಣನ್ನು ಅದೇ ಕಾರಿನಲ್ಲಿ ಕರೆತರಬೇಕು ಅನ್ನುವುದು ಅವರ ಆಸೆ. ಇಂಜಿನ್ ಸರಿಯಾಗಿತ್ತು, ಪೇಂಟೂ ಆಗಿತ್ತು. ಮುಂದಿನ ಎರಡು ಶಾಕುಗಳಿಂದ ಮಾತ್ರ ಎಣ್ಣೆ ಸೋರುತ್ತಿತ್ತು. ಮದುವೆಗೆ ಇದ್ದದ್ದು ಹದಿನೆಂಟು ದಿನ.

ಈ ಕಾರಿನ ಬಗ್ಗೆ ಎರಡು ಮಾತು. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂದದ್ದು ಇದೇ. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿದರು. ಇಂಜಿನ್ 948 ಸಿಸಿ. ಮುಂದಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಒಳಗಿನದೆಲ್ಲ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. 25 ಅಡಿ ವೃತ್ತದಲ್ಲಿ ತಿರುಗಿಬಿಡುತ್ತದೆ. ನಾಲ್ಕು ಬಾಗಿಲಿನ ಹೆರಾಲ್ಡ್ ಬಂದದ್ದು ನಮ್ಮ ದೇಶದಲ್ಲಿ ಮಾತ್ರ.

ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫಿನವರು ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ಮಾಡಿದರು. ಅದು 1980ರವರೆಗೂ ತಯಾರಾಯಿತು. ಸ್ಪಿಟ್‌ಫೈರಿನ ಮುಂಗಾಲೂ ಹೆರಾಲ್ಡಿನ ಮುಂಗಾಲೂ ಒಂದೇ ಮನೆತನದವು. ಮೇಲೊಂದು ಕೆಳಗೊಂದು ತ್ರಿಕೋನದ ತೋಳು, ನಡುವೆ ಕಾಯಿಲ್ ಸ್ಪ್ರಿಂಗು, ಸ್ಪ್ರಿಂಗಿನ ಒಳಗೇ ಶಾಕು. ಸ್ಪಿಟ್‌ಫೈರನ್ನು ಇಂದಿಗೂ ಮನೆಮಗುವಿನಂತೆ ಸಾಕುವವರು ಇಂಗ್ಲೆಂಡಿನಲ್ಲಿ ಬಹಳ ಜನ. ಅವರಿಂದಾಗಿಯೇ ಈ ಮನೆತನದ ಬಿಡಿಭಾಗಗಳು ಈಗಲೂ ತಯಾರಾಗುತ್ತಿವೆ. ನಮ್ಮ ಮದರಾಸಿನ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು.

ಮೊದಲು ಅವನು ಹುಡುಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಆಮೇಲೆ ಚೆನ್ನೈನ ಪುದುಪೇಟೆಗೆ ಸ್ನೇಹಿತನನ್ನು ಕಳಿಸಿದ. ಎಲ್ಲೂ ಸಿಗಲಿಲ್ಲ. ತಮಾಷೆ ನೋಡಿ, ಶಾಕ್ ಅಬ್ಸಾರ್ಬರ್ ಮಾಡುವ ಗೇಬ್ರಿಯಲ್ ಕಾರ್ಖಾನೆ ನಮ್ಮ ಹೊಸೂರಿನಲ್ಲೇ ಇದೆ. ಆದರೆ ಕಾರ್ಖಾನೆಗಳು ಮಾಡುವುದು ಇವತ್ತಿನ ಗಾಡಿಗಳಿಗೆ. ಅರವತ್ತು ವರ್ಷದ ಹಿಂದಿನ ಕಾರಿನ ಒಂದು ಜೊತೆಗಾಗಿ ಯಾರು ಅಚ್ಚು ಹೂಡುತ್ತಾರೆ?

ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ "ಹೆಚ್ಚುಕಮ್ಮಿ ಅದೇ" ಅನ್ನುವ ಉತ್ತರ. ಒಬ್ಬರು ಮಾರುತಿ 800ರದ್ದು ತೋರಿಸಿದರಂತೆ. ಅದರ ಮುಂದಿನದು ಸ್ಟ್ರಟ್ಟು. ಅಲ್ಲಿ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕೆಲಸವನ್ನೂ ಅದೇ ಮಾಡುತ್ತದೆ. ಹೆರಾಲ್ಡಿನಲ್ಲಿ ಆ ಕೆಲಸಕ್ಕೆ ಎರಡು ತೋಳುಗಳಿವೆ. ಎರಡರ ಜಾತಿಯೇ ಬೇರೆ. ಇನ್ನೊಬ್ಬರು ಬೇರಾವುದೋ ಗಾಡಿಯ ಹಿಂದಿನ ಶಾಕು ತೋರಿಸಿದರು. ಉದ್ದ ಸರಿಹೋಯಿತು, ಕೆಳಗಿನ ಬೋಲ್ಟೂ ಕೂತಿತು. ಆದರೆ ಸ್ಪ್ರಿಂಗು ಕೂರುವ ತಟ್ಟೆಯೇ ಅದರಲ್ಲಿಲ್ಲ!

ಇದು ಮುಖ್ಯ. ಹೆರಾಲ್ಡಿನಲ್ಲಿ ಸ್ಪ್ರಿಂಗಿನ ಕೆಳತುದಿ ಕೂರುವುದು ಶಾಕಿನ ಮೈಮೇಲಿರುವ ತಟ್ಟೆಯ ಮೇಲೆ. ಕಾರಿನ ಮುಂಭಾಗದ ಭಾರ ಸ್ಪ್ರಿಂಗಿನಿಂದ ಆ ತಟ್ಟೆಗೆ, ತಟ್ಟೆಯಿಂದ ಕೆಳಗಿನ ಬೋಲ್ಟಿಗೆ ಹೋಗುತ್ತದೆ. "ತಟ್ಟೆ ತಾನೆ, ವೆಲ್ಡ್ ಮಾಡಿಕೊಡ್ತೀನಿ, ಸಾಯಂಕಾಲ ಬಾ" ಅಂದರಂತೆ ಅಂಗಡಿಯವರು. ಎಣ್ಣೆ ತುಂಬಿದ ತೆಳು ಕೊಳವೆಗೆ ವೆಲ್ಡಿಂಗ್ ಬೆಂಕಿ ಹಿಡಿದರೆ ಒಳಗಿನ ರಬ್ಬರ್ ಸೀಲು ಸುಡುತ್ತದೆ, ಕೊಳವೆ ಡೊಂಕಾಗುತ್ತದೆ. ವೆಲ್ಡ್ ಬಿಟ್ಟುಕೊಂಡರೆ ಚಕ್ರದ ಮೇಲೆ ಕಾರು ಕುಸಿಯುತ್ತದೆ. ಒಳಗೆ ಕೂತಿರುವುದು ಮದುವಣಗಿತ್ತಿ. ನಮ್ಮ ಹುಡುಗ ಬೇಡ ಅಂದು ಬಂದುಬಿಟ್ಟ.

ಯಜಮಾನರಿಗೆ ಸಿಟ್ಟು ಬಂತು. ಸಹಜವೇ. ಬೇರೆ ಮೆಕ್ಯಾನಿಕ್ಕು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಅಂದಿದ್ದನಂತೆ. "ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು" ಅಂದುಬಿಟ್ಟರು. ಗಾಡಿಯ ಮುಂಗಾಲು ಬಿಚ್ಚಿದ್ದರಿಂದ ಒಯ್ಯುವ ಹಾಗೂ ಇರಲಿಲ್ಲ. ಆ ಭಾನುವಾರ ಅವನು ನನ್ನ ಮನೆಗೆ ಬಂದ. ಕೈಯಲ್ಲಿ ಎರಡು ಹಳೆ ಶಾಕು, ಮೊಬೈಲಿನಲ್ಲಿ ಇಂಗ್ಲೆಂಡಿನ ಅಂಗಡಿಯೊಂದರ ಕ್ಯಾಟಲಾಗು. "ಸಾರ್, ನಂಬರ್ ಓದ್ತೀನಿ. ಪಕ್ಕದಲ್ಲಿ ಬರೆದಿರೋ ಮಾತು ಪೂರ್ತಿ ಹಿಡಿಯಲ್ಲ. ತಪ್ಪು ತರಿಸಿದ್ರೆ ವಾಪಸ್ ಕಳಿಸೋ ಖರ್ಚೇ ನನ್ನ ತಿಂಗಳ ಸಂಪಾದನೆ" ಅಂದ.

ನಾನು ವಿಜ್ಞಾನದ ಮೇಷ್ಟ್ರು, ಮೆಕ್ಯಾನಿಕ್ ಅಲ್ಲ. ಆದರೆ ಇಂಗ್ಲಿಷ್ ಮಾತುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದ ಹಾಗೆ ಗೊತ್ತಾಯಿತು, ಇದೆಲ್ಲ ನಮ್ಮ ಪಾಠದಲ್ಲಿ ಇರುವುದೇ. ಸ್ಪ್ರಿಂಗಿನ ಮೇಲೆ ಎಷ್ಟು ಬಲವೋ ಅಷ್ಟು ಕುಗ್ಗುವಿಕೆ, ಅದು ಹೂಕನ ನಿಯಮ. ಕುಗ್ಗಿದ ಸ್ಪ್ರಿಂಗು ಮೇಲೆದ್ದು ಮತ್ತೆ ಮತ್ತೆ ಕುಣಿಯುತ್ತದೆ, ಅದು ಕಂಪನ. ಶಾಕಿನ ಒಳಗೆ ಪಿಸ್ಟನ್ನು ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸುತ್ತದೆ. ಎಣ್ಣೆಯ ಸ್ನಿಗ್ಧತೆಯಿಂದ ಚಲನ ಶಕ್ತಿ ಉಷ್ಣವಾಗುತ್ತದೆ, ಕುಣಿತ ನಿಲ್ಲುತ್ತದೆ. ಭಾರ ಹೊರುವುದು ಸ್ಪ್ರಿಂಗು, ಕುಣಿತ ನಿಲ್ಲಿಸುವುದು ಶಾಕು. ಇಷ್ಟು ಹೇಳುವಷ್ಟರಲ್ಲಿ ಅವನೇ, "ಅದಕ್ಕೇ ಸಾರ್, ಒತ್ತೋವಾಗ ಹಗುರ, ಎಳೆಯೋವಾಗ ಬಿಗಿ ಇರುತ್ತೆ. ಸ್ಪ್ರಿಂಗು ವಾಪಸ್ ಎಗರೋದನ್ನ ತಡೀಬೇಕಲ್ಲ" ಅಂದ. ಅದು ಪಾಠದಲ್ಲಿ ಇರಲಿಲ್ಲ. ಅವನ ಕೈ ಕಲಿತದ್ದು.

ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಶಾಕು ಹೊಂದಬೇಕಾದರೆ ಏನೇನು ಹೊಂದಬೇಕು?

ಒಂದು, ಪೂರ್ತಿ ಎಳೆದಾಗಿನ ಉದ್ದ. ಈ ಕಾರಿನಲ್ಲಿ ಚಕ್ರ ಕೆಳಗೆ ಇಳಿಯುವುದನ್ನು ತಡೆಯುವುದೂ ಶಾಕೇ. ಉದ್ದ ಹೆಚ್ಚಾದರೆ ತೋಳು ಇಳಿಯಬೇಕಾದ್ದಕ್ಕಿಂತ ಕೆಳಗಿಳಿದು ಬಾಲ್ ಜಾಯಿಂಟು ಸಿಕ್ಕಿಕೊಳ್ಳುತ್ತದೆ.
ಎರಡು, ಪೂರ್ತಿ ಒತ್ತಿದಾಗಿನ ಉದ್ದ. ಇದು ಹೆಚ್ಚಾದರೆ ರಬ್ಬರ್ ತಡೆಗೆ ತಾಗುವ ಮೊದಲೇ ಶಾಕು ತಳ ಮುಟ್ಟುತ್ತದೆ. ಪ್ರತಿ ಹಳ್ಳಕ್ಕೂ ಸುತ್ತಿಗೆ ಏಟು.
ಮೂರು, ಮೇಲ್ತುದಿಯ ಕಡ್ಡಿ. ದಪ್ಪ, ಉದ್ದ, ಮರೆ.
ನಾಲ್ಕು, ಕೆಳಗಿನ ಕಣ್ಣು. ಅಗಲ, ಬೋಲ್ಟಿನ ದಪ್ಪ.
ಐದು, ಸ್ಪ್ರಿಂಗು ಕೂರುವ ತಟ್ಟೆ. ಅದರ ಅಗಲ, ಕಣ್ಣಿನಿಂದ ಅದರ ಎತ್ತರ.
ಆರನೆಯದು ಸ್ಕೇಲಿಗೆ ಸಿಗುವುದಿಲ್ಲ. ಅದು ಬಿಗಿ. ಭಾರದ ಗಾಡಿಯ ಶಾಕು ಅಳತೆಯಲ್ಲೆಲ್ಲ ಹೊಂದಿದರೂ ಸುಮಾರು 800 ಕಿಲೋ ತೂಗುವ ಈ ಕಾರಿಗೆ ಬಿಗಿಯಾದೀತು, ಚಕ್ರ ನೆಲ ಹಿಡಿಯುವ ಬದಲು ಎಗರೀತು. ಇದೊಂದಕ್ಕೆ ಮಾತ್ರ ತಯಾರಕರು ಯಾವ ಕಾರಿಗೆಂದು ಹೇಳಿದ್ದಾರೋ ಅದನ್ನೇ ನಂಬಬೇಕು.

ಹಳೆ ಶಾಕುಗಳನ್ನು ಅಳೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಎಡದ್ದೂ ಬಲದ್ದೂ ಒಂದೇ ಅಲ್ಲ! ಎಳೆದಾಗ ಅರ್ಧ ಅಂಗುಲ ವ್ಯತ್ಯಾಸ. ಯಾವ ಕಾಲದಲ್ಲೋ ಯಾರೋ "ಹೆಚ್ಚುಕಮ್ಮಿ ಅದೇ" ಅಂತ ಒಂದನ್ನು ಹಾಕಿಬಿಟ್ಟಿದ್ದಾರೆ. ಹಾಗಾದರೆ ಮಾದರಿಯಾಗಿ ಯಾವುದನ್ನು ನಂಬುವುದು? ಅವನೇ ದಾರಿ ಕಂಡುಕೊಂಡ. ಕಾರನ್ನೇ ಕೇಳೋಣ ಅಂದ. ಸ್ಪ್ರಿಂಗು ಶಾಕು ಎರಡೂ ಇಲ್ಲದೆ ಕೆಳಗಿನ ತೋಳಿಗೆ ಜ್ಯಾಕು ಕೊಟ್ಟು ಮೇಲೆತ್ತಿದ. ರಬ್ಬರ್ ತಡೆಗೆ ತಾಗಿದಾಗ ಮೇಲಿನ ಹಿಡಿತಕ್ಕೂ ಕೆಳಗಿನ ಬೋಲ್ಟಿಗೂ ಎಷ್ಟು ದೂರ? ಇಳಿಸಿದಾಗ, ಬಾಲ್ ಜಾಯಿಂಟು ಸಿಕ್ಕಿಕೊಳ್ಳುವ ಮೊದಲು, ಎಷ್ಟು ದೂರ? ಎರಡೂ ಕಡೆ ಮೂರು ಮೂರು ಸಲ ಅಳೆದು ಬರೆದ. ಮೂರು ಸಲ ಯಾಕಪ್ಪ ಅಂದರೆ, "ಪ್ರಯೋಗದ ಪುಸ್ತಕದಲ್ಲಿ ನೀವು ಬರೆಸ್ತಿದ್ರಲ್ಲ ಸಾರ್, ಸರಾಸರಿ ತೆಗೀರಿ ಅಂತ" ಅಂದ.

ಈಗ ಕ್ಯಾಟಲಾಗು ಓದುವುದು ಸುಲಭವಾಯಿತು. ಸ್ಪಿಟ್‌ಫೈರಿನದೂ ಹೆರಾಲ್ಡಿನದೂ ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ಅಣ್ಣನ ಅಂಗಿ ತಮ್ಮನಿಗೆ ಆಗಲೇಬೇಕೆಂದಿಲ್ಲವಲ್ಲ. ಅಂಗಡಿಯವರಿಗೆ ಬರೆದೆವು. ಕಾರಿನ ಹೆಸರಿಗಿಂತ ಮೊದಲು ಐದು ಅಳತೆ ಬರೆದೆವು, ಇದು ಭಾರತದಲ್ಲಿ ತಯಾರಾದ ಕಾರು ಅಂತಲೂ ಸೇರಿಸಿದೆವು. ಪತ್ರದ ಕರಡು ಕನ್ನಡದಲ್ಲಿ ಅವನದು, ಇಂಗ್ಲಿಷ್ ನನ್ನದು. ಎರಡನೇ ದಿನ ಉತ್ತರ ಬಂತು. ಯಾವ ನಂಬರಿನದು ಈ ಐದಕ್ಕೂ ಹೊಂದುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರು.

ಪಾರ್ಸೆಲ್ಲು ಬರುವಷ್ಟರಲ್ಲಿ ಮದುವೆ ಮುಗಿದಿತ್ತು. ಹೆಣ್ಣು ಬಾಡಿಗೆ ಕಾರಿನಲ್ಲಿ ಬಂದಳು. ಯಜಮಾನರು ಮೂರು ವಾರ ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಹುಡುಗ ಫೋನ್ ಮಾಡಿ, "ಬಂದು ನಿಂತು ನೋಡಿ, ನಿಮ್ಮ ಮುಂದೇನೇ ಹಾಕ್ತೀನಿ" ಅಂದ. ಅವರು ಬಂದರು. ನಾನೂ ಹೋಗಿದ್ದೆ.

ಸ್ಪ್ರಿಂಗನ್ನು ಬಿಗಿಹಿಡಿಯುವ ಉಪಕರಣ ಹಾಕದೆ ಯಾರೂ ಮೇಲಿನ ನಟ್ಟು ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗು ಬಂದೂಕಿನ ಸಮ. ಅದನ್ನು ಹಾಕಿದ ಮೇಲೆಯೇ ಅವನು ಕೈಹಚ್ಚಿದ್ದು. ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಿ ಒಳಗಿನ ಗಾಳಿ ತೆಗೆದ. ಕೆಳಗಿನ ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರು ಚಕ್ರದ ಮೇಲೆ ನಿಂತ ಮೇಲಷ್ಟೇ ಪೂರ್ತಿ ಬಿಗಿದ. ಜ್ಯಾಕಿನ ಮೇಲಿರುವಾಗಲೇ ಬಿಗಿದರೆ ಒಳಗಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೇಗೂ ಬಿಚ್ಚಿದ್ದಾಗಿದೆ ಅಂತ ಕೆಳಗಿನ ಟ್ರನಿಯನ್‌ಗೆ ಗೇರ್ ಎಣ್ಣೆಯನ್ನೂ ಹಾಕಿದ. ಹೆರಾಲ್ಡ್ ಇಟ್ಟುಕೊಂಡವರು ಗಮನಿಸಿ, ಅಲ್ಲಿಗೆ ಬೇಕಾದ್ದು ಎಣ್ಣೆ, ಗ್ರೀಸಲ್ಲ. ಅದು ಒಣಗಿ ಸವೆದರೆ ಒಂದು ದಿನ ಚಕ್ರವೇ ಮಡಚಿಕೊಳ್ಳುತ್ತದೆ.

ಮೂಲೆ ಹಿಡಿದು ಒತ್ತಿ ಬಿಟ್ಟ. ಕಾರು ಒಂದು ಸಲ ಎದ್ದು ನಿಂತಿತು. ಮತ್ತೆ ಅಲುಗಲಿಲ್ಲ. ಯಜಮಾನರು ಏನೂ ಮಾತಾಡಲಿಲ್ಲ. ತಾವೂ ಒಂದು ಸಲ ಒತ್ತಿ ನೋಡಿದರು, ಆಮೇಲೆ ಬಲಗಡೆಗೂ ಹೋಗಿ ಒತ್ತಿದರು. ಹಣ ಎಣಿಸಿ ಕೊಟ್ಟು, "ಹಳೇದು ಎರಡೂ ಕೊಡಪ್ಪ, ನಮ್ಮಪ್ಪನ ಕಾರಿಂದು" ಅಂತ ಕೇಳಿ ಪೇಪರಿನಲ್ಲಿ ಸುತ್ತಿಸಿಕೊಂಡರು.

ಈಗ ಶಾಲೆಯ ವಿಷಯ. ಗಡಿಯಾಚೆ ಇರುವ ನಮ್ಮಂಥ ಶಾಲೆಗಳಿಗೆ ಪ್ರತಿ ಜೂನ್ ತಿಂಗಳಲ್ಲೂ ಒಂದೇ ಪ್ರಶ್ನೆ. "ಕನ್ನಡದಲ್ಲಿ ಓದಿ ಏನು ಮಾಡ್ತಾನೆ ಮೇಷ್ಟ್ರೆ?" ತಮಿಳುನಾಡಿನಲ್ಲಿ 2006ರ ಕಾಯಿದೆಯಿಂದ ತಮಿಳು ಕಲಿಯುವುದು ಕಡ್ಡಾಯವಾಯಿತು, ಇಂಗ್ಲಿಷ್ ಹೇಗೂ ಬೇಕು. ಮಗುವಿಗೆ ಮೂರು ಹೊರೆ ಯಾಕೆ ಅನ್ನುತ್ತಾರೆ ತಂದೆತಾಯಿ. ಅವರ ಚಿಂತೆ ಸುಳ್ಳಲ್ಲ. ಆ ಹುಡುಗನಿಗೆ ಇಂಗ್ಲಿಷ್ ಕ್ಯಾಟಲಾಗು ಕಷ್ಟವಾದದ್ದು ನಿಜ, ಅದನ್ನು ಮುಚ್ಚಿಟ್ಟು ನಾನು ಕನ್ನಡದ ಬಾವುಟ ಹಾರಿಸುವುದಿಲ್ಲ. ಇಂಗ್ಲಿಷನ್ನು ಇನ್ನೂ ಚೆನ್ನಾಗಿ ಕಲಿಸಬೇಕು. ಆದರೆ ಯಾವುದನ್ನು ಅಳೆಯಬೇಕು, ಯಾಕೆ ಮೂರು ಸಲ ಅಳೆಯಬೇಕು, ಅಂಗಡಿಯವನು "ಹೆಚ್ಚುಕಮ್ಮಿ ಅದೇ" ಅಂದಾಗ ಯಾಕೆ ಒಪ್ಪಬಾರದು, ಇದೆಲ್ಲ ಅವನಿಗೆ ಅರ್ಥವಾಗಿದ್ದು ಅವನ ತಾಯಿಮಾತಿನಲ್ಲಿ. ಅಷ್ಟು ಅರ್ಥವಾದವನಿಗೆ ಕ್ಯಾಟಲಾಗಿನ ಮಾತು ಎರಡು ಭಾನುವಾರದ ಕೆಲಸ. ಕ್ಯಾಟಲಾಗು ಓದಲು ಬಂದು ಅರ್ಥವಾಗದಿದ್ದವನಿಗೆ?

ಆ ಹಾಳೆಯ ಒಂದು ನಕಲನ್ನು ನಮ್ಮ ಪ್ರಯೋಗಾಲಯದ ಬೀರುವಿಗೆ ಅಂಟಿಸಿದ್ದೇನೆ. ಈ ವರ್ಷ ಒಂಬತ್ತನೇ ತರಗತಿಯವರಿಗೆ ಸೈಕಲ್ ಸೀಟಿನ ಸ್ಪ್ರಿಂಗು, ಒಂದು ಸ್ಕೇಲು, ಅರ್ಧ ಕಿಲೋ ತೂಕದ ಬಟ್ಟುಗಳನ್ನು ಕೊಟ್ಟು ಅಳೆಯಿರಿ ಅಂದಿದ್ದೆ. ಎರಡು ಗುಂಪಿಗೆ ಬೇರೆ ಬೇರೆ ಉತ್ತರ ಬಂದು ಜಗಳವೇ ಆಯಿತು. ಸ್ಪ್ರಿಂಗುಗಳೇ ಬೇರೆ ಇದ್ದವು ಅಂತ ಮಕ್ಕಳೇ ಕಂಡುಹಿಡಿದರು. ನಿಮ್ಮ ಶಾಲೆಯಲ್ಲೂ ಮಾಡಿಸಿ ನೋಡಿ. ಖರ್ಚೇನೂ ಇಲ್ಲ.