ಅಕೊಂಕಾಗುವಾಕ್ಕೆ ಹೊರಟವರ ಲೆಕ್ಕಾಚಾರ

ಮೆಂಡೋಜಾ, ಅರ್ಜೆಂಟೀನಾ

ಪ್ರೀತಿಯ ಅಕ್ಕನಿಗೆ,

ಭಾವ ಹತ್ತೇ ದಿನದಲ್ಲಿ ಅಕೊಂಕಾಗುವಾ ಹತ್ತಿ ಬರುವ ಲೆಕ್ಕ ಹಾಕಿದ್ದಾರೆಂದು ಬರೆದಿದ್ದೀಯ. ಹತ್ತು ದಿನ ಖಂಡಿತ ಸಾಲದು. ಟಿಕೆಟ್ ಮಾಡಿಸುವ ಮೊದಲು ಈ ಕಾಗದವನ್ನು ಅವರಿಗೂ ಓದಿ ಹೇಳು.

ಏಷ್ಯಾ ಖಂಡ ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. 6,961 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಮೂರೂವರೆ ಪಟ್ಟಿಗೂ ಹೆಚ್ಚು. ಹೆಚ್ಚಿನವರು ಹತ್ತುವ ವಾಯವ್ಯದ ದಾರಿಯಲ್ಲಿ ಹಗ್ಗ ಹಿಡಿದು ಬಂಡೆ ಏರುವ ಪ್ರಸಂಗ ಬರುವುದೇ ಅಪರೂಪ. ಹೀಗಾಗಿ ಸುಲಭವೆಂದುಕೊಂಡು ಬರುವವರು ಬಹಳ. ಆದರೆ ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಒಂದು ಉಸಿರಿಗೆ ದಕ್ಕುವ ಆಮ್ಲಜನಕವೂ ಅಷ್ಟೇ. ಇದಕ್ಕೆ ಮೈ ಒಗ್ಗಲು ದಿನಗಟ್ಟಲೆ ಬೇಕು. ಅವಸರಪಟ್ಟರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿಕೊಂಡು ಜೀವಕ್ಕೇ ಸಂಚಕಾರ.

ಮೊದಲು ಹತ್ತಿದವರ ಕತೆಯೇ ಇದಕ್ಕೆ ಸಾಕ್ಷಿ. 1896ರ ಕೊನೆಯಲ್ಲಿ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ತಂಡ ಕಟ್ಟಿಕೊಂಡು ಬಂದರು. ಯಜಮಾನಿಕೆ ಅವರದು, ದಾರಿ ತೋರುವ ಕೆಲಸ ಸ್ವಿಟ್ಜರ್ಲೆಂಡಿನ ಮಥಿಯಾಸ್ ಜುರ್ಬ್ರಿಗೆನ್‌ರದು. ಫಿಟ್ಜ್‌ಜೆರಾಲ್ಡ್ ಮತ್ತೆ ಮತ್ತೆ ಹತ್ತಲು ನೋಡಿದರು. ಎತ್ತರದ ಕಾಯಿಲೆ ಅವರನ್ನು ಬಿಡಲಿಲ್ಲ. 1897ರ ಜನವರಿ 14ರಂದು ಜುರ್ಬ್ರಿಗೆನ್ ಒಬ್ಬರೇ ತುದಿ ಮುಟ್ಟಿದರು. ಫಿಟ್ಜ್‌ಜೆರಾಲ್ಡ್‌ಗೆ ಕೊನೆಗೂ ಅದು ದಕ್ಕಲಿಲ್ಲ.

ಹಾಗಾಗಿ ಭಾವನ ಯೋಜನೆ ಹೀಗಿದ್ದರೆ ಚೆನ್ನ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ನಡುಬೇಸಿಗೆ. ಹತ್ತುವವರಿಗೆ ಡಿಸೆಂಬರ್, ಜನವರಿಯೇ ಹದವಾದ ಕಾಲ. ಮೆಂಡೋಜಾದಿಂದ ಚಿಲಿಯ ಕಡೆಗೆ ಹೋಗುವ ಏಳನೇ ನಂಬರ್ ಹೆದ್ದಾರಿಯಲ್ಲಿ ಸುಮಾರು 180 ಕಿಲೋಮೀಟರ್ ಬಸ್ಸಿನಲ್ಲಿ ಹೋದರೆ ಪುಯೆಂತೆ ದೆಲ್ ಇಂಕಾ. ಅದರ ಹತ್ತಿರವೇ ಓರ್ಕೋನೆಸ್ ದ್ವಾರ. ಪರವಾನಗಿ ತೋರಿಸಿದರಷ್ಟೇ ಒಳಗೆ ಬಿಡುತ್ತಾರೆ. ಕಸಕ್ಕೆಂದು ನಂಬರ್ ಹಾಕಿದ ಚೀಲ ಕೊಡುತ್ತಾರೆ. ಇಳಿದು ಬಂದಾಗ ಅದನ್ನು ಒಪ್ಪಿಸದಿದ್ದರೆ ದಂಡ.

ಸಾಮಾನು ಹೊರುವುದು ಹೇಸರಗತ್ತೆಗಳು. ಹೇರುವುದನ್ನು ನೋಡಿದರೆ ಆ ಕೆಲಸದ ಮೇಲೆ ಗೌರವ ಬರುತ್ತದೆ. ಬೆದರದಿರಲೆಂದು ಮೊದಲು ಅದರ ಕಣ್ಣಿಗೆ ಬಟ್ಟೆ ಮುಚ್ಚುತ್ತಾರೆ. ಮೂಟೆಗಳನ್ನು ತೂಗಿ, ಎರಡೂ ಪಕ್ಕಕ್ಕೆ ಸಮಭಾರವಾಗುವಂತೆ ಇಟ್ಟು, ಒಬ್ಬ ಮಂಡಿಯೂರಿ ಹಗ್ಗ ಬಿಗಿಯುತ್ತಾನೆ. ಒಂದರ ಮೇಲೆ ಸುಮಾರು 60 ಕಿಲೋ. ಕಣ್ಣಿನ ಬಟ್ಟೆ ತೆಗೆದದ್ದೇ ತಡ, ಅದು ತಾನಾಗಿ ದಾರಿ ಹಿಡಿಯುತ್ತದೆ.

ಮೊದಲ ತಂಗುದಾಣ ಕಾನ್‌ಫ್ಲುಯೆನ್ಸಿಯಾ, 3,400 ಮೀಟರ್. ಅಲ್ಲಿಂದ ಒಂದು ದಿನ ಪ್ಲಾಸಾ ಫ್ರಾನ್ಸಿಯಾಕ್ಕೆ ನಡೆದು, ಸುಮಾರು ಮೂರು ಸಾವಿರ ಮೀಟರ್ ನೆಟ್ಟಗೆ ನಿಂತ ದಕ್ಷಿಣದ ಗೋಡೆಯನ್ನು ನೋಡಿಕೊಂಡು, ಮಲಗಲು ಹಿಂದಿರುಗಬೇಕು. ಆಮೇಲೆ 4,300 ಮೀಟರಿನ ಪ್ಲಾಸಾ ದೆ ಮೂಲಾಸ್. ಎರಡೂ ಕಡೆ ವೈದ್ಯರಿದ್ದಾರೆ. ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ನೋಡುತ್ತಾರೆ, ಬಿ.ಪಿ. ಅಳೆಯುತ್ತಾರೆ, ಎದೆಗೆ ಸ್ಟೆಥಾಸ್ಕೋಪ್ ಇಡುತ್ತಾರೆ. ಒಪ್ಪಿಗೆಯಾಗದಿದ್ದರೆ ಮೇಲೆ ಕಳಿಸುವುದಿಲ್ಲ. ಅವರ ಮಾತನ್ನು ಭಾವ ಮೀರದಿರಲಿ.

ಅಲ್ಲಿಂದಾಚೆ ಹಗಲು ಸಾಮಾನನ್ನು ಮೇಲೆ ಇಟ್ಟು ಬಂದು, ರಾತ್ರಿ ಕೆಳಗೆ ಮಲಗುವುದು. ಪ್ಲಾಸಾ ಕೆನಡಾ, ನಿದೋ ದೆ ಕೊಂಡೋರೆಸ್ ದಾಟಿ, ಹತ್ತಿರಹತ್ತಿರ 6,000 ಮೀಟರಿನ ಕೊಲೆರಾದಿಂದ ತುದಿಗೆ ಒಂದೇ ದಿನದ ನಡಿಗೆ. ಆ ದಿನ ಪಶ್ಚಿಮದ ಬಿರುಗಾಳಿ ಎದ್ದರೆ ಡೇರೆಯಲ್ಲೇ ಕಾಯಬೇಕು. ಕಾಯುವ ದಿನಗಳನ್ನೂ ಸೇರಿಸಿದರೆ ಮೂರು ವಾರ ಹಿಡಿಯುತ್ತದೆ. ಅವು ಪೋಲಾದ ದಿನಗಳಲ್ಲ. ಮೈ ಎತ್ತರಕ್ಕೆ ಒಗ್ಗುವುದು ಆಗಲೇ.

ಈ ಬೆಟ್ಟಕ್ಕೆ ಇನ್ನೂ ಹಳೆಯ ಯಾತ್ರಿಕರಿದ್ದಾರೆ. 1985ರಲ್ಲಿ ಇದರ ನೈಋತ್ಯದ ಏಣಿನಲ್ಲಿ, ಸುಮಾರು 5,300 ಮೀಟರ್ ಎತ್ತರದಲ್ಲಿ, ಇಂಕಾ ಕಾಲದಲ್ಲಿ ಬಲಿಯಾದ ಏಳು ವರ್ಷದ ಆಸುಪಾಸಿನ ಹುಡುಗನ ದೇಹ ಸಿಕ್ಕಿತು. ಆ ಜನರಿಗೆ ಇದು ದೈವದ ಜಾಗ. ಹತ್ತುವವರಿಗೆ ಆ ನೆನಪಿರಬೇಕು.

ಮೂರು ವಾರ ಬಿಡುವಾಗದಿದ್ದರೆ ಭಾವ ಈ ಸಲ ಪ್ಲಾಸಾ ಫ್ರಾನ್ಸಿಯಾವರೆಗಿನ ಕಿರು ಚಾರಣದ ಪರವಾನಗಿಯನ್ನಷ್ಟೇ ಮಾಡಿಸಲಿ. ಅಷ್ಟು ದೂರ ನೀನೂ ನಡೆಯಬಲ್ಲೆ. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಇಬ್ಬರೂ ಬನ್ನಿ. ಉತ್ತರ ಬರಿ.

ನಿನ್ನ ತಮ್ಮ